ಗಲ್ಫಿನಿಂದ ಬಂದ ಟೈಮ್ ಕೀಪರ್ ರಿಕ್ರೂಟರ್ ಆಗಬಹುದಾ?

ಪ್ರಶ್ನೆ: ಅಕ್ಕಾ, ನನಗೆ 35 ವರ್ಷ. ಊರು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಬಿ.ಕಾಂ. ಮುಗಿಸಿ ಒಂಬತ್ತು ವರ್ಷ ಶಾರ್ಜಾದಲ್ಲಿ ಒಂದು ಕಟ್ಟಡ ಕಂಪನಿಯಲ್ಲಿದ್ದೆ. ಮೊದಲು ಕೆಲಸಗಾರರ ಹಾಜರಿ ಬರೆಯುವ ಟೈಮ್ ಕೀಪರ್, ಆಮೇಲೆ ಕ್ಯಾಂಪ್ ಇನ್‌ಚಾರ್ಜ್. ಅಪ್ಪನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಹಾಗಾಗಿ ಎಂಟು ತಿಂಗಳ ಹಿಂದೆ ಊರಿಗೆ ಬಂದೆ. ಇನ್ನು ಹೋಗುವುದಿಲ್ಲ. ಮಂಗಳೂರಿನ ಸ್ನೇಹಿತ ರಿಕ್ರೂಟ್‌ಮೆಂಟಿಗೆ, ಅಂದರೆ ಕಂಪನಿಗಳಿಗೆ ಜನ ಹುಡುಕಿಕೊಡುವ ಕೆಲಸಕ್ಕೆ ಬಾ, ನಿನಗೆ ಜನ ಗೊತ್ತಲ್ಲ ಅನ್ನುತ್ತಾನೆ. ಒಂದು ಸಂಸ್ಥೆಯವರು 40 ಸಾವಿರಕ್ಕೆ ಎಚ್‌ಆರ್ ಕೋರ್ಸ್, ಕೆಲಸ ಗ್ಯಾರಂಟಿ ಅನ್ನುತ್ತಾರೆ. ಈ ವಯಸ್ಸಿನಲ್ಲಿ, ಎಂಬಿಎ ಇಲ್ಲದೆ ಆಗುತ್ತದಾ? ‘ಟ್ಯಾಲೆಂಟ್ ಅಡ್ವೈಸರ್’ ಅಂತ ಕಾರ್ಡಿನಲ್ಲಿ ಹಾಕಿಕೊಳ್ಳುತ್ತಾರಲ್ಲ, ಅದೆಂತ ಕೆಲಸ? ಇನ್ನೊಂದು ವಿಷಯ. ಊರಿನ ಆರು ಹುಡುಗರು ಪಾಸ್‌ಪೋರ್ಟ್ ತಂದು ಕೊಟ್ಟಿದ್ದಾರೆ, ನನ್ನ ಹಳೆಯ ಕಂಪನಿಗೆ ಸೇರಿಸಲು ಆಗುತ್ತದಾ ಅಂತ. ಇಬ್ಬರು ತಲಾ 5 ಸಾವಿರ ಅಡ್ವಾನ್ಸ್ ಸಹ ಕೊಟ್ಟರು. ಮನೆಯಿಂದಲೇ ಹೀಗೆ ಶುರು ಮಾಡಬಹುದಾ?

ಉತ್ತರ: ಕೊನೆಯಲ್ಲಿ ಕೇಳಿದ್ದಕ್ಕೆ ಮೊದಲು ಹೇಳುತ್ತೇನೆ. ಆ ಆರು ಪಾಸ್‌ಪೋರ್ಟ್ ಇವತ್ತೇ ವಾಪಸ್ ಕೊಡಿ. ಆ ಹತ್ತು ಸಾವಿರವನ್ನೂ ಕೊಡಿ. ಗೂಗಲ್ ಪೇಯಲ್ಲಿ ಬಂದಿದ್ದರೆ ಗೂಗಲ್ ಪೇಯಲ್ಲೇ ಹಿಂದಕ್ಕೆ ಹಾಕಿ, ಗುರುತು ಇರಲಿ. ಬೇರೆ ಪ್ರಶ್ನೆಗಳಿಗೆ ನಿಧಾನಕ್ಕೆ ಉತ್ತರ ಹುಡುಕಬಹುದು, ಇದಕ್ಕೆ ಅಷ್ಟು ಪುರುಸೊತ್ತು ಇಲ್ಲ.

1983ರ ಎಮಿಗ್ರೇಷನ್ ಕಾಯ್ದೆ ಅಂತ ಒಂದುಂಟು. ವಿದೇಶದ ಕೆಲಸಕ್ಕೆ ಜನ ಸೇರಿಸುವವರು ವಿದೇಶಾಂಗ ಸಚಿವಾಲಯದ ಪ್ರೊಟೆಕ್ಟರ್ ಜನರಲ್ ಆಫ್ ಎಮಿಗ್ರೆಂಟ್ಸ್ ಹತ್ತಿರ ನೋಂದಣಿ ಮಾಡಿಸಿರಲೇಬೇಕು ಅನ್ನುತ್ತದೆ ಅದು. ಪೂರ್ತಿ ಪರವಾನಗಿಗೆ 50 ಲಕ್ಷ ರೂಪಾಯಿಯ ಬ್ಯಾಂಕ್ ಗ್ಯಾರಂಟಿ ಇಡಬೇಕು. ನೋಂದಣಿ ಇಲ್ಲದೆ ಮಾಡಿದರೆ ಎರಡು ವರ್ಷದವರೆಗೆ ಜೈಲು. ‘ನಾನು ಏಜೆಂಟ್ ಅಲ್ಲ, ಸುಮ್ನೆ ಪರಿಚಯ ಮಾಡಿಸಿದ್ದು’ ಅನ್ನುವ ಮಾತು ದುಡ್ಡು ಮುಟ್ಟಿದ ಮೇಲೆ ಯಾರೂ ಕೇಳುವುದಿಲ್ಲ. ಪರವಾನಗಿ ಇದ್ದ ಏಜೆಂಟನ ಕೆಳಗೆ ಸಬ್ ಏಜೆಂಟ್ ಆಗಿ ನಿಲ್ಲುತ್ತೇನೆ ಅಂದರೂ ಆಗುವುದಿಲ್ಲ, ಆ ಕಾಯ್ದೆಯಲ್ಲಿ ಸಬ್ ಏಜೆಂಟ್ ಅನ್ನುವ ಜಾತಿಯೇ ಇಲ್ಲ. ನೋಂದಣಿ ಇದ್ದವರೂ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ್ದು ಹೆಚ್ಚೆಂದರೆ 30 ಸಾವಿರ ಮತ್ತು ಅದರ ಮೇಲಿನ ಜಿಎಸ್‌ಟಿ, ಅದೂ ರಸೀದಿ ಕೊಟ್ಟು. ನಮ್ಮ ಕಡೆ ವೀಸಾಕ್ಕೆ ಒಂದೂವರೆ ಲಕ್ಷ, ಎರಡು ಲಕ್ಷ ಅಂತ ಅಂಗಡಿ ಜಗಲಿಯಲ್ಲಿ ಮಾತು ನಡೆಯುತ್ತದಲ್ಲ, ಅದು ಯಾವ ಲೆಕ್ಕ ಅಂತ ನೀವೇ ಯೋಚಿಸಿ.

ನೀವಿದ್ದ ಯುಎಇಯಲ್ಲೇ, 2021ರ 33ನೇ ನಂಬರಿನ ಕಾರ್ಮಿಕ ಕಾನೂನು, 2022ರ ಫೆಬ್ರವರಿಯಿಂದ ಜಾರಿಯಲ್ಲಿರುವಂಥದ್ದು, ನೇಮಕಾತಿಯ ಖರ್ಚನ್ನು ಕಂಪನಿ ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ ಕೆಲಸಗಾರನಿಂದ ತೆಗೆಯಬಾರದು ಅನ್ನುತ್ತದೆ. ನಿಮ್ಮ ಕ್ಯಾಂಪಿನಲ್ಲಿ ‘ಫ್ರೀ ವೀಸಾ’ ಅನ್ನುವುದನ್ನು ದುಡ್ಡು ಕೊಟ್ಟು ಕೊಂಡು ಬಂದು ಮೂರು ವರ್ಷ ಸಾಲ ತೀರಿಸಿದವರನ್ನು ನೀವು ನೋಡಿರುತ್ತೀರಿ. ನನಗಿಂತ ಜಾಸ್ತಿ ನೋಡಿರುತ್ತೀರಿ.

ಹಾಗಾದರೆ ಆ ಹುಡುಗರಿಗೆ ಏನೂ ಮಾಡಲಿಕ್ಕಿಲ್ಲವಾ? ಉಂಟು. ಹಳೆಯ ಕಂಪನಿಯ ಎಚ್‌ಆರ್ ವಿಭಾಗದ ಮೇಲ್ ವಿಳಾಸ ಕೊಡಿ, ಅವರೇ ನೇರ ಅರ್ಜಿ ಹಾಕಲಿ. ಆ ಕಂಪನಿ ಭಾರತದಲ್ಲಿ ಯಾವ ನೋಂದಾಯಿತ ಏಜೆಂಟ್ ಮೂಲಕ ಜನ ತೆಗೆಯುತ್ತದೆ ಅಂತ ಕೇಳಿ ಹೇಳಿ. ಆ ಏಜೆಂಟರ ನಂಬರನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಲು ಕಲಿಸಿ. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ಎಮಿಗ್ರೇಷನ್ ತಪಾಸಣೆ ಬೇಕಾದ ಬಗೆಯದ್ದು ಆಗಿರುತ್ತದೆ, ಅವರಿಗೆ ಯುಎಇಗೆ ಹೋಗಲು ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಅಲ್ಲಿ ನೋಡುವ ಅನ್ನುವವರ ಕಿವಿ ಹಿಂಡಿ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇದ್ದು ಒಂದೇ ಹೆಸರಿದ್ದರೆ ಅದನ್ನೂ ಈಗಲೇ ಸರಿ ಮಾಡಿಸಲಿ, 2022ರ ನವೆಂಬರಿನಿಂದ ಒಂದೇ ಹೆಸರಿನವರನ್ನು ವಿಸಿಟ್ ವೀಸಾದಲ್ಲಿ ಯುಎಇ ಒಳಗೆ ಬಿಡುವುದಿಲ್ಲ ಅಂದಿತ್ತು. ಯಾರ ಮನೆಯಲ್ಲಾದರೂ ನರ್ಸಿಂಗ್ ಓದಿದ ಹುಡುಗಿ ಇದ್ದರೆ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಅಂತ ಕೇರಳ ಸರ್ಕಾರದ್ದೇ ಎರಡು ಸಂಸ್ಥೆಗಳುಂಟು, ಅಲ್ಲಿಗೆ ಕಳಿಸಿ. ಇಷ್ಟು ಮಾಡಿದರೆ ಒಂದು ಪೈಸೆ ಸಿಗುವುದಿಲ್ಲ, ನಿಜ. ಆದರೆ ಈ ಕೆಲಸದಲ್ಲಿ ಮುಂದೆ ನಿಮ್ಮನ್ನು ಉಳಿಸುವುದು ಇದೇ.

ಇನ್ನು ನಿಮ್ಮ ಮುಖ್ಯ ಪ್ರಶ್ನೆ. ಆಗುತ್ತದೆ. 35 ಏನೂ ಅಲ್ಲ. ಆದರೆ ನಿಮ್ಮ ಸ್ನೇಹಿತ ಹೇಳಿದ ಕಾರಣ ತಪ್ಪು. ‘ಜನ ಗೊತ್ತು’ ಅನ್ನುವುದು ಈ ಕೆಲಸಕ್ಕೆ ದೊಡ್ಡ ಬಂಡವಾಳ ಅಲ್ಲ. ಮದುವೆ ದಲ್ಲಾಳಿಗೂ ಜನ ಗೊತ್ತು, ಎಲ್‌ಐಸಿ ಏಜೆಂಟಿಗೂ ಗೊತ್ತು. ನಿಮಗೆ ಕೆಲಸ ಗೊತ್ತು. ಅದು ಬಂಡವಾಳ.

ಬಿಡಿಸಿ ಹೇಳುತ್ತೇನೆ. ಒಬ್ಬ ಮನುಷ್ಯ ‘ಶಟರಿಂಗ್ ಕಾರ್ಪೆಂಟರ್ (ಕಾಂಕ್ರೀಟಿಗೆ ಅಚ್ಚು ಕಟ್ಟುವ ಬಡಗಿ), ಎಂಟು ವರ್ಷ ಅನುಭವ’ ಅಂತ ಬರೆದುಕೊಂಡು ಬಂದರೆ ಎಂಬಿಎ ಮಾಡಿದ 23ರ ಹುಡುಗಿ ಅದನ್ನು ನಂಬಬೇಕು ಅಥವಾ ಬಿಡಬೇಕು, ಅವಳಿಗೆ ಬೇರೆ ದಾರಿ ಇಲ್ಲ. ನೀವು ಎರಡು ಪ್ರಶ್ನೆ ಕೇಳಿದರೆ ಅವನು ನಿಜವಾಗಿ ಕಾರ್ಪೆಂಟರಾ, ಹೆಲ್ಪರ್ ಆಗಿದ್ದು ಬಡ್ತಿ ತಾನೇ ಕೊಟ್ಟುಕೊಂಡವನಾ ಅಂತ ಗೊತ್ತಾಗುತ್ತದೆ. ವರ್ಷಗಟ್ಟಲೆ ಟೈಮ್ ಶೀಟ್ ಬರೆದವರು ನೀವು. ಯಾರು ಓವರ್‌ಟೈಮ್ ಬರೆಸಿ ಮಲಗುತ್ತಿದ್ದ, ಯಾವ ಫೋರ್‌ಮ್ಯಾನ್ ಕೆಳಗೆ ಜನ ನಿಲ್ಲುತ್ತಿರಲಿಲ್ಲ, ಊಟ ಕೆಟ್ಟರೆ ಎಷ್ಟು ದಿನದಲ್ಲಿ ಜನ ಕೆಲಸ ಬಿಡುತ್ತಾರೆ, ಇದೆಲ್ಲ ನಿಮ್ಮ ತಲೆಯಲ್ಲಿ ಉಂಟು. ಇದನ್ನು ಯಾವ ಕೋರ್ಸೂ ಕಲಿಸುವುದಿಲ್ಲ. ಹಾಗಾಗಿ ಐಟಿ ರಿಕ್ರೂಟ್‌ಮೆಂಟ್ ಅಂತ ಯಾರಾದರೂ ಎಳೆದರೆ ಹೋಗಬೇಡಿ. ಅಲ್ಲಿ ನೀವು ಎಲ್ಲರಿಗಿಂತ ಹಿಂದೆ. ಕಟ್ಟಡ, ರಸ್ತೆ, ಫ್ಯಾಕ್ಟರಿ, ಗೋದಾಮು ಇಂಥ ಕಡೆ ನೀವು ಮೊದಲ ದಿನವೇ ನಾಲ್ಕು ಹೆಜ್ಜೆ ಮುಂದೆ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ 66ನ್ನು ಆರು ಲೇನ್ ಮಾಡಿದಾಗ ಎಷ್ಟು ಮಂದಿ ಸರ್ವೇಯರು, ಎಷ್ಟು ಮಂದಿ ಆಪರೇಟರು, ಸೈಟ್ ಎಂಜಿನಿಯರು ಬೇಕಾದರು ಅಂತ ಬಸ್ಸಿನಲ್ಲಿ ಕೂತು ನೋಡಿದ್ದೇವಲ್ವಾ? ಅವರನ್ನೆಲ್ಲ ಯಾರೋ ಹುಡುಕಿ, ಮಾತಾಡಿಸಿ, ಸೇರಿಸಿದ್ದೇ.

ಈ ಕೆಲಸದೊಳಗೆ ಯಾರು ಯಾರು ಏನು ಮಾಡುತ್ತಾರೆ ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಕಂಪನಿಯ ಒಳಗೇ ಸಂಬಳಕ್ಕೆ ಕೂತು ಅದಕ್ಕೆ ಮಾತ್ರ ಜನ ಹುಡುಕುವವರು ಒಂದು ಕಡೆ. ಹೊರಗಿನಿಂದ ಹಲವು ಕಂಪನಿಗಳಿಗೆ ಹುಡುಕಿಕೊಡುವ ಕನ್ಸಲ್ಟೆನ್ಸಿ ಇನ್ನೊಂದು ಕಡೆ. ಮೂರನೆಯದು ಸ್ಟಾಫಿಂಗ್: ಟೀಮ್‌ಲೀಸ್, ಕ್ವೆಸ್ ಥರದವರು, ಕೆಲಸಗಾರ ಇವರ ಪೇರೋಲಿನಲ್ಲಿ, ಅಂದರೆ ಸಂಬಳದ ಪಟ್ಟಿಯಲ್ಲಿ ಇರುತ್ತಾನೆ, ದುಡಿಯುವುದು ಬೇರೆಯವರ ಹತ್ತಿರ. ಪಿಎಫ್, ಇಎಸ್‌ಐ, ಹಾಜರಿ ಎಲ್ಲ ಇವರ ತಲೆಬಿಸಿ. ನಾಲ್ಕನೆಯದು ದೊಡ್ಡ ಹುದ್ದೆಗಳ ಸರ್ಚ್, ಅದು ಬೇರೆಯದೇ ಲೋಕ, ಈಗ ನಿಮಗೆ ಬೇಡ. ಹಾಜರಿ ಪುಸ್ತಕ ನೋಡಿದವರು ನೀವು, ಸ್ಟಾಫಿಂಗ್ ಕಂಪನಿಯೊಂದರಲ್ಲಿ ಶುರು ಮಾಡಿದರೆ ಸುಲಭ ಅನ್ನುವುದು ನನ್ನ ಅಂದಾಜು. ಅಲ್ಲಿ ನಿಮ್ಮ ಹಳೆಯ ಕೆಲಸಕ್ಕೆ ಬೆಲೆ ಉಂಟು.

ದುಡ್ಡಿನ ಲೆಕ್ಕ ಮಾತ್ರ ಸ್ವಲ್ಪ ವಿವರವಾಗಿ ಕೇಳಿ, ಯಾಕೆಂದರೆ ಹೊರಗಿನವರು ಇಲ್ಲೇ ಮೋಸ ಹೋಗುವುದು. ಕನ್ಸಲ್ಟೆನ್ಸಿಗೆ ದುಡ್ಡು ಕೊಡುವುದು ಕಂಪನಿ, ಕೆಲಸ ಹುಡುಕುವವನಲ್ಲ. ಸಾಮಾನ್ಯ ದರ ವರ್ಷದ ಸಂಬಳದ 8.33 ಪರ್ಸೆಂಟ್. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಅಂದರೆ ನೂರನ್ನು ಹನ್ನೆರಡರಿಂದ ಭಾಗಿಸಿ ನೋಡಿ. ಒಂದು ತಿಂಗಳ ಸಂಬಳ, ಅಷ್ಟೇ. ವರ್ಷಕ್ಕೆ 6 ಲಕ್ಷದ ಸೈಟ್ ಎಂಜಿನಿಯರನ್ನು ಸೇರಿಸಿದರೆ ಸುಮಾರು 50 ಸಾವಿರ ಬಿಲ್. ಕೇಳಲಿಕ್ಕೆ ಚೆಂದ. ಆದರೆ ಅವನು ಸೇರಿದ ಮೇಲೆ ಬಿಲ್, ಬಿಲ್ ಆಗಿ ತಿಂಗಳು ಒಂದೂವರೆ ತಿಂಗಳು ಕಳೆದು ದುಡ್ಡು, ಅಷ್ಟರೊಳಗೆ ಅವನು ಬಿಟ್ಟುಹೋದರೆ ಇನ್ನೊಬ್ಬನನ್ನು ಪುಕ್ಕಟೆ ಹುಡುಕಿಕೊಡಬೇಕು. ಈ ರಿಪ್ಲೇಸ್‌ಮೆಂಟ್ ಷರತ್ತು ಸಾಮಾನ್ಯವಾಗಿ 60 ಅಥವಾ 90 ದಿನ ಇರುತ್ತದೆ. ಆ 50 ಸಾವಿರದಲ್ಲಿ ನಿಮಗೆಷ್ಟು? ಸಂಬಳದ ಮೂರು ಪಟ್ಟು ಬಿಲ್ಲಿಂಗ್ ತಂದ ಮೇಲೆ ಇನ್ಸೆಂಟಿವ್ ಅನ್ನುವುದು ನಾನು ಹೆಚ್ಚಾಗಿ ಕಂಡ ಪದ್ಧತಿ. ಮಂಗಳೂರಿನಲ್ಲಿ ಹೊಸಬರಿಗೆ ತಿಂಗಳಿಗೆ 15ರಿಂದ 22 ಸಾವಿರ ಕೊಡುವುದನ್ನು ನಾನು ನೋಡಿದ್ದೇನೆ. ಶಾರ್ಜಾದ ದಿರ್ಹಮಿನ ಮುಂದೆ ಇದು ನಗು ಬರಿಸುವ ಸಂಬಳ. ಮೊದಲ ಒಂದೂವರೆ ವರ್ಷ ಮನೆ ಹೇಗೆ ನಡೆಯುತ್ತದೆ, ಆಸ್ಪತ್ರೆ ಖರ್ಚು ಹೇಗೆ ಅನ್ನುವುದನ್ನು ಮನೆಯವರ ಜೊತೆ ಕೂತು ಬರೆದು ನೋಡಿ. ಬರೆಯದೆ ಇಳಿದವರು ಆರನೇ ತಿಂಗಳಿಗೆ ಬಿಡುತ್ತಾರೆ.

ದಿನದ ಕೆಲಸ ಹೇಗಿರುತ್ತದೆ ಅಂದರೆ, ಫೋನ್. ಬೆಳಿಗ್ಗೆ ಫೋನ್, ಮಧ್ಯಾಹ್ನ ಫೋನ್, ಸಂಜೆ ಆರರ ಮೇಲೆ ಜಾಸ್ತಿ ಫೋನ್, ಯಾಕೆಂದರೆ ಕೆಲಸದಲ್ಲಿರುವವರು ಮಾತಾಡಲು ಸಿಗುವುದೇ ಆಗ. ಒಂದು ಹುದ್ದೆಗೆ ನೂರು ಜನಕ್ಕೆ ಫೋನ್ ಮಾಡಿದ ದಿನಗಳು ನನಗೂ ಉಂಟು. ಅದರಲ್ಲಿ ಅರ್ಧ ಮಂದಿ ಎತ್ತುವುದಿಲ್ಲ, ಎತ್ತಿದವರಲ್ಲಿ ಕೆಲವರಿಗೆ ಸಂಬಳ ಸಾಲದು, ಕೆಲವರಿಗೆ ಊರು ದೂರ, ಇಂಟರ್‌ವ್ಯೂಗೆ ಬರುತ್ತೇನೆ ಅಂದವರಲ್ಲಿ ಮೂವರು ಬರುತ್ತಾರೆ, ಒಬ್ಬ ಆಯ್ಕೆಯಾಗುತ್ತಾನೆ, ಅವನು ಆಫರ್ ಲೆಟರನ್ನು ತನ್ನ ಈಗಿನ ಮೇನೇಜರಿಗೆ ತೋರಿಸಿ ಸಂಬಳ ಏರಿಸಿಕೊಂಡು ಅಲ್ಲೇ ಉಳಿಯುತ್ತಾನೆ.

ರಿಕ್ರೂಟರ್ ಅಂದರೆ ಅಡಿಕೆ ಆರಿಸುವವರು ಅಂತ ನಮ್ಮ ಮಾವ ತಮಾಷೆ ಮಾಡುತ್ತಿದ್ದರು. ರಾಶಿಯಲ್ಲಿ ಎಲ್ಲ ಒಂದೇ ಥರ ಕಾಣುತ್ತದೆ, ಆರಿಸುವ ಕೈಗೆ ಹೋದರೆ ಇದು ಚಾಲಿ, ಇದು ಪಟೋರ, ಇದು ಉಳ್ಳಿಗಡ್ಡೆ, ಇದು ಕರಿಗೋಟು. ನಾನು ಹೇಳುತ್ತಿದ್ದೆ, ಮಾವಾ, ಗೋಣಿಗೆ ತುಂಬಿದ ಅಡಿಕೆ ಲಾರಿ ಹತ್ತುವಾಗ ‘ನಾನು ಬರುವುದಿಲ್ಲ’ ಅನ್ನುವುದಿಲ್ಲವಲ್ಲ ಅಂತ. ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ, 60 ದಿನ, 90 ದಿನ ಇರುವ ಕಂಪನಿಗಳಿಂದ ಜನ ತೆಗೆಯುವಾಗ ಆ ಎರಡು ಮೂರು ತಿಂಗಳು ಅವನನ್ನು ಬಿಡದೆ ಮಾತಾಡಿಸುತ್ತಾ ಇರಬೇಕು. ಮಗುವಿನ ಶಾಲೆ ಸಿಕ್ಕಿತಾ, ಮನೆ ನೋಡಿದ್ರಾ ಅಂತ. ಸೇರುವ ದಿನದ ಹಿಂದಿನ ರಾತ್ರಿ ಅವನು ಫೋನ್ ಎತ್ತದಿದ್ದರೆ ನಿಮಗೆ ನಿದ್ದೆ ಬರುವುದಿಲ್ಲ. ಈ ಅನಿಶ್ಚಿತತೆ ತಡೆಯುವ ಸ್ವಭಾವ ನಿಮ್ಮದಾ ಅಂತ ನಿಮಗೇ ಗೊತ್ತು. ಮುಖಕ್ಕೆ ಹೊಡೆದ ಹಾಗೆ ‘ಬೇಡ’ ಅನ್ನಿಸಿಕೊಂಡು ಐದು ನಿಮಿಷದಲ್ಲಿ ಇನ್ನೊಂದು ನಂಬರ್ ಒತ್ತಲು ಬಾರದವರಿಗೆ ಈ ಕೆಲಸ ನರಕ, ನಾನು ಸುಳ್ಳು ಹೇಳುವುದಿಲ್ಲ.

ಆ 40 ಸಾವಿರದ ಕೋರ್ಸ್ ಬೇಡ. ‘ಕೆಲಸ ಗ್ಯಾರಂಟಿ’ ಅಂದರೆ ಏನು ಅಂತ ಕಾಗದದಲ್ಲಿ ಬರೆದುಕೊಡಿ ಅನ್ನಿ, ಅಲ್ಲಿಗೆ ಮುಗಿಯುತ್ತದೆ. ಕಳೆದ ವರ್ಷ ಕಲಿತ ಮೂವರ ಜೊತೆ ಮಾತಾಡಿಸಿ ಅಂತಲೂ ಕೇಳಬಹುದು. ಅವರು ಕಲಿಸುವ ವಿಷಯ ತಪ್ಪು ಅಂತ ಅಲ್ಲ, ಅಷ್ಟನ್ನು ನೀವು ಕೆಲಸಕ್ಕೆ ಸೇರಿ ಆರು ವಾರದಲ್ಲಿ ಸಂಬಳ ತೆಗೆದುಕೊಂಡೇ ಕಲಿಯುತ್ತೀರಿ. ಸೇರುವ ಮೊದಲು ಮನೆಯಲ್ಲಿ ಕೂತು ಕಲಿಯಬೇಕಾದ್ದು ಸ್ವಲ್ಪ ಉಂಟು. ನೌಕ್ರಿ, ಲಿಂಕ್ಡ್‌ಇನ್ ಇಂಥ ಕೆಲಸದ ವೆಬ್‌ಸೈಟುಗಳಲ್ಲಿ ಹುಡುಕುವ ಬೂಲಿಯನ್ ಸರ್ಚ್ ಅದರಲ್ಲೊಂದು. ‘ಶಟರಿಂಗ್ ಆಂಡ್ ಫೋರ್‌ಮ್ಯಾನ್ ನಾಟ್ ಹೆಲ್ಪರ್’ ಅಂತ ಕೊಟ್ಟರೆ ಏನು ಬರುತ್ತದೆ, ‘ಆರ್’ ಹಾಕಿದರೆ ಏನು ಬರುತ್ತದೆ, ಎರಡು ಸಂಜೆಯ ಕೆಲಸ. ಎಕ್ಸೆಲ್ ನಿಮಗೆ ಬರುತ್ತದೆ ಅಂದುಕೊಳ್ಳುತ್ತೇನೆ. ಸಂಬಳದ ಚೀಟಿ ಬಿಡಿಸಲು ಕಲಿಯಿರಿ. ಸಿಟಿಸಿ (ಒಬ್ಬನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂತ ಹೇಳುವ ಮೊತ್ತಕ್ಕೂ ಕೈಗೆ ಬರುವುದಕ್ಕೂ ಯಾಕೆ ಅಷ್ಟು ವ್ಯತ್ಯಾಸ, ಬೇಸಿಕ್ ಎಷ್ಟು, ಗ್ರಾಚ್ಯುಟಿ ಎಲ್ಲಿ ಸೇರಿಸಿದ್ದಾರೆ ಅಂತ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಲೇಬರ್ ಕೋಡ್‌ಗಳು ಬಂದ ಮೇಲೆ ಭತ್ಯೆಗಳು ಒಟ್ಟು ಸಂಬಳದ ಅರ್ಧ ದಾಟಿದರೆ ಹೆಚ್ಚಿನದ್ದು ವೇತನದ ಲೆಕ್ಕಕ್ಕೇ ಬರುತ್ತದೆ, ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಲೇಬೇಕು. ಇದನ್ನು ಬಿ.ಕಾಂ. ಆದ ನೀವು ಒಂದು ವಾರದಲ್ಲಿ ಅರ್ಥ ಮಾಡಿಕೊಳ್ಳಬಹುದು, ಅರ್ಥವಾದರೆ ಎಷ್ಟೋ ಹಳಬರಿಗಿಂತ ಮುಂದೆ ಇರುತ್ತೀರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆಯೂ ಓದಿ. ಒಬ್ಬರ ಬಯೋಡೇಟಾವನ್ನು ಕೇಳದೆ ಹತ್ತು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ ನಮ್ಮ ಕೆಲಸದಲ್ಲಿ ಜಾಸ್ತಿ. ಅದನ್ನು ಕಲಿಯಲೇಬೇಡಿ.

ಭಾಷೆಯ ವಿಷಯ ಹೇಳಲು ಮರೆತೆ. ನೀವು ಪೆರ್ಲದವರು. ಕನ್ನಡ, ತುಳು, ಮಲಯಾಳ ಬರುತ್ತದೆ, ಗಲ್ಫಿನ ಹಿಂದಿ ಬರುತ್ತದೆ, ಬ್ಯಾರಿ ಮಾತು ಕೇಳಿದರೆ ತಿಳಿಯುತ್ತದೆ. ಕಾಸರಗೋಡಿನವರು ಇದನ್ನು ಬಯೋಡೇಟಾದಲ್ಲಿ ಬರೆಯುವುದೇ ಇಲ್ಲ, ಎಲ್ಲರಿಗೂ ಬರುತ್ತದಲ್ಲ ಅಂತ. ಬೆಂಗಳೂರಿನಲ್ಲಿ ಕೂತ ರಿಕ್ರೂಟರಿಗೆ ಬರುವುದಿಲ್ಲ ಮಾರಾಯ್ರೆ! ಉಪ್ಪಳದ ಒಬ್ಬ ಎಲೆಕ್ಟ್ರಿಷಿಯನ್‌ಗೆ ಇಂಗ್ಲಿಷಿನಲ್ಲಿ ಫೋನ್ ಮಾಡಿದರೆ ‘ಯೆಸ್ ಸರ್, ಓಕೆ ಸರ್’ ಅಂತ ಇಡುತ್ತಾನೆ. ಅವನ ಮಾತಿನಲ್ಲೇ ‘ಎಂತ ಮಾಡ್ತಾ ಇದ್ದೀರಿ ಈಗ?’ ಅಂತ ಕೇಳಿದರೆ ಹತ್ತು ನಿಮಿಷದಲ್ಲಿ ಹಳೆಯ ಕೆಲಸ ಯಾಕೆ ಬಿಟ್ಟ ಅಂತ ನಿಜ ಕಾರಣ ಹೇಳಿಬಿಡುತ್ತಾನೆ. ನಮಗೆ ಬೇಕಾದ್ದು ಆ ನಿಜ ಕಾರಣ.

ಇನ್ನು ‘ಟ್ಯಾಲೆಂಟ್ ಅಡ್ವೈಸರ್’. ಕಾರ್ಡಿನಲ್ಲಿ ಹಾಕಿಕೊಂಡವರಲ್ಲಿ ಬಹಳ ಮಂದಿ ಮಾಡುವುದು ಅದೇ ಫೋನಿನ ಕೆಲಸ, ಹೆಸರು ಮಾತ್ರ ದೊಡ್ಡದು. ಆದರೆ ನಿಜವಾದ ಸಲಹೆಯ ಕೆಲಸ ಅಂತ ಒಂದುಂಟು, ಅದು ನನಗೆ ತುಂಬ ಇಷ್ಟ. ಕಂಪನಿ ಕೇಳಿದ ಮನುಷ್ಯನನ್ನು ತಂದುಕೊಡುವುದು ರಿಕ್ರೂಟ್‌ಮೆಂಟ್. ನೀವು ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಇಲ್ಲ ಸ್ವಾಮಿ ಅಂತ ಲೆಕ್ಕ ಸಮೇತ ತೋರಿಸಿ, ಇದ್ದವರಲ್ಲಿ ಯಾರು ಸಾಕು ಅಂತ ಒಪ್ಪಿಸುವುದು ಅಡ್ವೈಸರಿ.

ಒಂದು ಉದಾಹರಣೆ. ಮಂಗಳೂರಿನ ಹತ್ತಿರ ಒಂದು ಗೇರುಬೀಜದ ಫ್ಯಾಕ್ಟರಿ. ಖರೀದಿ ನೋಡಿಕೊಳ್ಳಲು ಜನ ಬೇಕು ಅಂದರು. ಹತ್ತು ವರ್ಷ ಅನುಭವ, ವಯಸ್ಸು ಮೂವತ್ತರೊಳಗೆ, ಗೇರುಬೀಜ ಕೈಯಲ್ಲಿ ಹಿಡಿದೇ ದರ್ಜೆ ಹೇಳಬೇಕು, ಇಂಗ್ಲಿಷಿನಲ್ಲಿ ಆಫ್ರಿಕಾದ ವ್ಯಾಪಾರಿಗಳಿಗೆ ಮೇಲ್ ಬರೆಯಬೇಕು, ತುಳು ಮಲಯಾಳ ಎರಡೂ ಬೇಕು, ಸಂಬಳ 25 ಸಾವಿರ. ಎರಡು ತಿಂಗಳಿಂದ ಮೂರು ಕನ್ಸಲ್ಟೆನ್ಸಿಗಳು ಬಯೋಡೇಟಾ ಸುರಿಯುತ್ತಿದ್ದರು. ನಾನು ಹೋಗಿ ಕೂತು ಕೇಳಿದ್ದು ಬೇರೆ ಪ್ರಶ್ನೆಗಳನ್ನು. ಈ ಕುರ್ಚಿ ಯಾಕೆ ಖಾಲಿಯಾಯಿತು? ಮೊದಲಿದ್ದವರು ಸೋಮವಾರ ಬೆಳಿಗ್ಗೆ ಬಂದು ಮೊದಲು ಏನು ಮಾಡುತ್ತಿದ್ದರು? ಅವರು ಹೋದ ಮೇಲೆ ಯಾವ ಕೆಲಸ ನಿಂತುಹೋಗಿದೆ? ಆರು ತಿಂಗಳ ಮೇಲೆ ಏನಾಗಿದ್ದರೆ ನೀವು ಖುಷಿಪಡುತ್ತೀರಿ? ಕೊನೆಗೆ ಹೌದು ಅನ್ನುವವರು ಯಾರು, ನೀವಾ, ನಿಮ್ಮ ಅಣ್ಣನಾ? ಮುಕ್ಕಾಲು ಗಂಟೆಯಲ್ಲಿ ಗೊತ್ತಾಯಿತು, ನಿಂತುಹೋದದ್ದು ಬೀಜ ನೋಡಿ ದರ್ಜೆ ಹೇಳುವ ಕೆಲಸ ಮಾತ್ರ. ಮೇಲ್ ಬರೆಯುವುದನ್ನು ಅವರದ್ದೇ ಆಫೀಸಿನ ಹುಡುಗಿ ಹೇಗೂ ಮಾಡುತ್ತಿದ್ದಳು. ಹಾಗಾದರೆ ಮೂವತ್ತರೊಳಗೆ ಯಾಕೆ? ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ, ಎಲ್ಲರೂ ಹಾಗೆ ಬರೆಯುತ್ತಾರಲ್ಲ ಅಂದರು. 52 ವರ್ಷದ ಒಬ್ಬರು ಸಿಕ್ಕಿದರು, ಅದೂ ಹದಿನೈದು ದಿನದೊಳಗೆ. ಸಂಬಳ 32 ಸಾವಿರಕ್ಕೆ ಏರಿಸಬೇಕಾಯಿತು. ಅಕ್ಕಪಕ್ಕದ ನಾಲ್ಕು ಕಡೆ ಅಂಥವರಿಗೆ ಎಷ್ಟು ಕೊಡುತ್ತಾರೆ ಅಂತ ನಾನು ಮೊದಲೇ ವಿಚಾರಿಸಿ ಒಂದು ಹಾಳೆಯಲ್ಲಿ ಬರೆದು ತಂದಿದ್ದೆ, ಆ ಹಾಳೆಯ ಮುಂದೆ ವಾದ ನಡೆಯಲಿಲ್ಲ. ಅಡ್ವೈಸರಿ ಅಂದರೆ ಆ ಒಂದು ಹಾಳೆ ಅನ್ನಬಹುದು.

ದೊಡ್ಡ ಕಂಪನಿಗಳಲ್ಲಿ ಇದೇ ಕೆಲಸಕ್ಕೆ ಟ್ಯಾಲೆಂಟ್ ಮ್ಯಾಪಿಂಗ್, ಸ್ಯಾಲರಿ ಬೆಂಚ್‌ಮಾರ್ಕಿಂಗ್ ಅಂತೆಲ್ಲ ಹೆಸರು. ಯಾವ ಊರಿನಲ್ಲಿ ಎಂಥ ಜನ ಸಿಗುತ್ತಾರೆ, ಹೊಸ ಆಫೀಸು ಎಲ್ಲಿ ತೆರೆಯುವುದು ಅನ್ನುವ ತನಕ ಹೋಗುತ್ತದೆ. 2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಗಡಿ ಮುಚ್ಚಿದರಲ್ಲ, ಆಗ ಮಂಗಳೂರಿನ ಒಬ್ಬ ಗ್ರಾಹಕರಿಗೆ ತಮ್ಮ ನರ್ಸ್‌ಗಳಲ್ಲಿ ಎಷ್ಟು ಮಂದಿ ಮಂಜೇಶ್ವರ, ಉಪ್ಪಳದಿಂದ ದಿನಾ ಬರುವವರು ಅಂತ ಆ ದಿನವೇ ಗೊತ್ತಾದದ್ದು. ಜನ ಎಲ್ಲಿಂದ ಬರುತ್ತಾರೆ ಅನ್ನುವ ಪಟ್ಟಿಯೇ ಅವರ ಹತ್ತಿರ ಇರಲಿಲ್ಲ. ಅಂಥ ಪಟ್ಟಿ ಮೊದಲೇ ಮಾಡಿಡುವುದೂ ಸಲಹೆಗಾರರ ಕೆಲಸವೇ.

ಇಂಟರ್‌ವ್ಯೂ ಹೇಗೆ ಮಾಡಬೇಕು ಅಂತ ಕಲಿಸುವುದು ಇನ್ನೊಂದು ಭಾಗ. ನಮ್ಮಲ್ಲಿ ಮಾಲಿಕರು ‘ನಾನು ಮುಖ ನೋಡಿದರೆ ಹೇಳುತ್ತೇನೆ’ ಅನ್ನುತ್ತಾರೆ. ಪಾಲ್ ಸ್ಯಾಕೆಟ್ ಅನ್ನುವ ಮನಶ್ಶಾಸ್ತ್ರಜ್ಞರು ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಮತ್ತೆ ಲೆಕ್ಕ ಹಾಕಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ಊಹಿಸಲು ಎಲ್ಲಕ್ಕಿಂತ ಮೇಲೆ ಬಂದದ್ದು ಕ್ರಮಬದ್ಧ ಇಂಟರ್‌ವ್ಯೂ. ಅಂದರೆ ಎಲ್ಲರಿಗೂ ಅದೇ ಪ್ರಶ್ನೆ, ಮೊದಲೇ ಬರೆದಿಟ್ಟ ಅಂಕ. ಎಷ್ಟು ವರ್ಷ ಅನುಭವ ಅನ್ನುವುದು ತೀರ ಕೆಳಗಿನ ಸಾಲಿನಲ್ಲಿತ್ತು. ನಮ್ಮ ಜಾಹೀರಾತುಗಳಲ್ಲಿ ಮೊದಲ ಸಾಲೇ ಅದು! ನಿಮ್ಮ ಕ್ಯಾಂಪಿನಲ್ಲಿ ಟ್ರೇಡ್ ಟೆಸ್ಟ್ ಅಂತ ಮಾಡುತ್ತಿದ್ದರಲ್ಲ, ಗೋಡೆ ಕಟ್ಟಿ ತೋರಿಸು, ಕಂಬಿ ಕಟ್ಟಿ ತೋರಿಸು ಅಂತ, ಅದು ಎಷ್ಟೋ ಆಫೀಸಿನ ಇಂಟರ್‌ವ್ಯೂಗಿಂತ ಒಳ್ಳೆಯ ಪದ್ಧತಿ.

ಈ ಅಡ್ವೈಸರಿ ಮಟ್ಟಕ್ಕೆ ಬರಲು ನಿಮಗೆ ಐದಾರು ವರ್ಷ ಬೇಕಾಗಬಹುದು. ಕಾರ್ಡ್ ಈಗಲೇ ಮಾಡಿಸಬೇಡಿ.

ನನ್ನದೊಂದು ಹಳೆಯ ತಪ್ಪು ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಮೂರನೇ ವರ್ಷ ಇರಬೇಕು, ಬೆಂಗಳೂರಿನಲ್ಲಿದ್ದೆ. ಒಂದು ಫ್ಯಾಕ್ಟರಿಗೆ ಜನ ಬೇಕಿತ್ತು, ಅಲ್ಲಿ ಸಂಬಳ ಎರಡು ತಿಂಗಳು ತಡವಾಗುತ್ತಿದೆ ಅಂತ ನನಗೆ ಗೊತ್ತಿತ್ತು. ಆ ತಿಂಗಳ ಟಾರ್ಗೆಟ್‌ಗೆ ಒಂದೇ ಕ್ಲೋಷರ್, ಅಂದರೆ ಇನ್ನೊಬ್ಬನನ್ನು ಸೇರಿಸುವುದು ಮಾತ್ರ, ಬಾಕಿ. ಬಾಯಾರು ಕಡೆಯ ಹುಡುಗನೊಬ್ಬನನ್ನು ಸೇರಿಸಿದೆ, ಊರಿನವ ಅಂತ ಅವನಿಗೂ ನನ್ನ ಮೇಲೆ ನಂಬಿಕೆ. ಏನೂ ಹೇಳಲಿಲ್ಲ. ಮೂರು ತಿಂಗಳು ಸಂಬಳ ಇಲ್ಲದೆ ದುಡಿದು ಊರಿಗೆ ಬಂದ. ಮುಂದಿನ ಕುಂಬಳೆ ಜಾತ್ರೆಯಲ್ಲಿ, ಕಣಿಪುರ ದೇವಸ್ಥಾನದ ಎದುರು, ಅವನ ಅಮ್ಮ ಸಿಕ್ಕಿದರು. ಬೈಯಲಿಲ್ಲ. ‘ನಿನಗೆ ಗೊತ್ತಿತ್ತಾ ಮಗಳೇ?’ ಅಂತ ಒಂದೇ ಪ್ರಶ್ನೆ ಕೇಳಿದರು. ನಾನು ಇಲ್ಲ ಅಂದೆ. ಅದು ಎರಡನೇ ಸುಳ್ಳು.

ದೊಡ್ಡ ಊರಿನಲ್ಲಿ ರಿಕ್ರೂಟರ್ ತಪ್ಪಿಸಿಕೊಂಡು ತಿರುಗಬಹುದು. ಪೆರ್ಲ, ಬದಿಯಡ್ಕ, ಮುಳ್ಳೇರಿಯದಲ್ಲಿ ಆಗುವುದಿಲ್ಲ. ಸೇರಿಸಿದವನ ಅಪ್ಪ ಸೊಸೈಟಿಯಲ್ಲಿ ಸಿಗುತ್ತಾರೆ, ಭಾವ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂರುತ್ತಾನೆ. ಅದಕ್ಕೇ ಮೊದಲು ಆ ಪಾಸ್‌ಪೋರ್ಟ್ ವಿಷಯ ಎತ್ತಿದ್ದು. ಈಗ ಕಾಂಬೋಡಿಯಾ, ಮ್ಯಾನ್ಮಾರ್, ಲಾವೋಸ್‌ಗಳಲ್ಲಿ ಡೇಟಾ ಎಂಟ್ರಿ ಕೆಲಸ ಅಂತ ಕರೆದುಕೊಂಡು ಹೋಗಿ ಆನ್‌ಲೈನ್ ವಂಚನೆಗೆ ಕೂರಿಸುವ ಜಾಲಗಳ ಬಗ್ಗೆ ವಿದೇಶಾಂಗ ಸಚಿವಾಲಯವೇ ಮತ್ತೆ ಮತ್ತೆ ಎಚ್ಚರಿಸುತ್ತಿದೆ. ಅಂಥ ಕಡೆಯಿಂದ ನಿಮಗೂ ಫೋನ್ ಬರುತ್ತದೆ, ತಲೆಗೆ ಇಷ್ಟು ಕಮಿಷನ್ ಅಂತ. ಗಲ್ಫಿನಿಂದ ಬಂದವರಿಗೆ ಆ ಫೋನ್ ಬೇಗ ಬರುತ್ತದೆ.

ಶುರು ಹೇಗೆ ಮಾಡುವುದು? ಬಯೋಡೇಟಾದಲ್ಲಿ ‘ಟೈಮ್ ಕೀಪರ್’ ಅಂತ ಒಂದು ಪದ ಬರೆದು ಬಿಡಬೇಡಿ. ಎಷ್ಟು ಜನರ ಹಾಜರಿ ನೋಡುತ್ತಿದ್ದಿರಿ, ಯಾವ ಯಾವ ಟ್ರೇಡ್, ಹೊಸಬರು ಬಂದಾಗ ಕಾಗದಪತ್ರ ಯಾರು ಮಾಡುತ್ತಿದ್ದರು, ಜಗಳ ಆದಾಗ ಯಾರು ಬಿಡಿಸುತ್ತಿದ್ದರು, ಎಲ್ಲ ಬರೆಯಿರಿ. ಅದು ಎಚ್‌ಆರ್ ಕೆಲಸವೇ ಆಗಿತ್ತು, ಹೆಸರು ಬೇರೆ ಇತ್ತು ಅಷ್ಟೇ. ಮಂಗಳೂರು, ಕಾಸರಗೋಡು, ಕಣ್ಣೂರಿನ ಸ್ಟಾಫಿಂಗ್ ಕಂಪನಿ ಮತ್ತು ಕನ್ಸಲ್ಟೆನ್ಸಿಗಳ ಒಂದು ಪಟ್ಟಿ ಮಾಡಿ, ಹತ್ತು ಕಡೆ ಮೇಲ್ ಹಾಕುವ ಬದಲು ಐದು ಕಡೆ ನೇರ ಹೋಗಿ ಕೂತು ಮಾತಾಡಿ. ಕಟ್ಟಡ ಕಂಪನಿಗಳ ಸೈಟ್ ಆಫೀಸಿನಲ್ಲಿ ಅಡ್ಮಿನ್, ಲೇಬರ್ ನೋಡಿಕೊಳ್ಳುವ ಹುದ್ದೆ ಸಿಕ್ಕಿದರೂ ಬಿಡಬೇಡಿ, ಅಲ್ಲಿಂದ ಒಳಗಿನ ರಿಕ್ರೂಟ್‌ಮೆಂಟಿಗೆ ಹೋಗುವ ದಾರಿ ಹತ್ತಿರ. ಸೇರುವ ಮೊದಲು ಆ ಕನ್ಸಲ್ಟೆನ್ಸಿ ಅಭ್ಯರ್ಥಿಗಳಿಂದ ರಿಜಿಸ್ಟ್ರೇಷನ್ ಫೀ ಅಂತ ಏನಾದರೂ ತೆಗೆಯುತ್ತದಾ ವಿಚಾರಿಸಿ. ತೆಗೆಯುತ್ತದೆ ಅಂದರೆ ಚಾ ಕುಡಿದು ಎದ್ದು ಬನ್ನಿ.

ಅಪ್ಪನ ಡಯಾಲಿಸಿಸ್ ದಿನಗಳ ವಿಷಯ ಮುಚ್ಚಿಡಬೇಡಿ. ಕೆಲಸ ಸಿಕ್ಕಿದ ಮೇಲೆ ನಿಧಾನಕ್ಕೆ ಹೇಳುವ ಅಂತ ಅನ್ನಿಸುತ್ತದೆ, ನಾಳೆ ನಿಮ್ಮ ಅಭ್ಯರ್ಥಿಗಳಿಗೂ ಹಾಗೇ ಅನ್ನಿಸುತ್ತದೆ. ಮೊದಲ ಭೇಟಿಯಲ್ಲೇ ಹೇಳಿ: ವಾರದಲ್ಲಿ ಈ ಎರಡು ದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಇರುತ್ತೇನೆ, ಆ ದಿನ ಸಂಜೆ ಎಂಟರ ತನಕ ಫೋನಿನಲ್ಲಿ ಕೂರುತ್ತೇನೆ ಅಂತ. ಮೊದಲೇ ಹೇಳಿದ ಹಾಗೆ, ನಮ್ಮ ಜನ ಮಾತಿಗೆ ಸಿಗುವುದು ಸಂಜೆ ಆರರ ಮೇಲೆಯೇ. ಈ ಕೆಲಸ ಗೊತ್ತಿರುವ ಯಾವ ಮೇನೇಜರೂ ಅದಕ್ಕೆ ಬೇಡ ಅನ್ನಲಿಕ್ಕಿಲ್ಲ.